ಮಿಸ್ ಕ್ರಂಬ್‌ಳ ಎರಡನೇ ಕಪ್

ಹನ್ನೊಂದು ವರ್ಷ ಕೋರಸ್ಸಿನ ಎರಡನೇ ಸಾಲಿನಲ್ಲಿ ನಿಂತು ಹಾಡಿದವಳಿಗೆ ಒಂದು ದಿನ ಇದ್ದಕ್ಕಿದ್ದಂತೆ ಹೆಸರಿರುವ ಪಾತ್ರ ಸಿಕ್ಕಿದರೆ ಏನಾಗುತ್ತದೆ ಎಂದು ತಿಳಿಯಬೇಕಾದರೆ, ೧೯೯೭ರ ಜನವರಿಯಲ್ಲಿ ಲಂಡನ್ನಿನ ಗ್ರೀನ್‌ಫರ್ಡಿನಲ್ಲಿ ವತ್ಸಲಾಳ ಮನೆಗೆ ಊಟಕ್ಕೆ ಹೋಗಬೇಕಿತ್ತು. ಆಕೆ ಪಾರ್ಕ್ ರಾಯಲ್ ಕಡೆಯ ಒಂದು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಮೈಸೂರಿನವಳು, ವಯಸ್ಸು ನಲವತ್ತಾರು. ಇಪ್ಪತ್ತು ವರ್ಷದ ಕೆಲಸದಲ್ಲಿ ಒಂದು ಮಾತ್ರೆ ಹೆಚ್ಚುಕಡಿಮೆ ಮಾಡದ ಹೆಂಗಸು ಅವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಗಂಡ ಡಾಕ್ಟರ್ ಮುಕುಂದ ಸಂದರ್ಭ ಅರಿತವನು, ತುಟಿ ಪಿಟಕ್ಕೆನ್ನದೆ ಉಂಡು ಎದ್ದ.

ಪಾತ್ರ ಯೋಗ್ಯತೆಯಿಂದಲೇ ಸಿಕ್ಕಿತು ಎಂದರೆ ಸುಳ್ಳು ಹೇಳಿದಂತಾಗುತ್ತದೆ. ಗ್ರೀನ್‌ಫರ್ಡಿನ ಹವ್ಯಾಸಿ ಗೀತನಾಟಕದ ಸಂಘದಲ್ಲಿ ವಯಸ್ಸಾದ ಹೆಂಗಸಿನ ಹಾಸ್ಯಪಾತ್ರವನ್ನು ಯಾವಾಗಲೂ ಮಾಡುತ್ತಿದ್ದವಳು ಮೊರೀನ್. ಹೊಸ ವರ್ಷದ ಮರುದಿನ ಆಕೆ ಮಂಜುಗಟ್ಟಿದ ಫುಟ್‌ಪಾತಿನ ಮೇಲೆ ಜಾರಿ ಬಿದ್ದು ಪಾದದ ಮೂಳೆ ಮುರಿದುಕೊಂಡಳು. ನಿರ್ದೇಶಕ ಡೆಸ್ಮಂಡ್ ಎರಡನೇ ಸಾಲಿನತ್ತ ಕಣ್ಣು ಹಾಯಿಸಿದ. ಅಷ್ಟು ಕೆಳಗಿನ ಸ್ವರ ಮುಟ್ಟುವವಳು ಅಲ್ಲಿ ವತ್ಸಲಾ ಒಬ್ಬಳೇ ಇದ್ದಳು. ಹುಡುಗಿಯಾಗಿದ್ದಾಗ ಮೈಸೂರಿನಲ್ಲಿ ಸಂಗೀತದ ಸೀನಿಯರ್ ಪರೀಕ್ಷೆ ಪಾಸು ಮಾಡಿ, ಆಮೇಲೆ ಸಂಸಾರದ ಗದ್ದಲದಲ್ಲಿ ತಂಬೂರಿಯನ್ನು ತವರಲ್ಲೇ ಬಿಟ್ಟು ಬಂದವಳು.

ಈ ಸಂಘದವರು ಪ್ರತಿ ಮಾರ್ಚಿನಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಒಂದು ಆಪರೆಟ್ಟಾ ಆಡುತ್ತಿದ್ದರು. ಆಪರೆಟ್ಟಾ ಎಂದರೆ ನಗಿಸುವ ಸಂಗೀತ ನಾಟಕ. ಅದರ ಜನ ವಿಚಿತ್ರ ಜನ. ದೊಡ್ಡ ಪೇಟ ಸುತ್ತಿಕೊಂಡ ಅಧಿಕಾರಿಗೆ ತನ್ನ ಕೆಲಸವೊಂದನ್ನು ಬಿಟ್ಟು ಮಿಕ್ಕೆಲ್ಲ ಗೊತ್ತು. ನ್ಯಾಯಾಧೀಶ ಕಾನೂನನ್ನು ಅಕ್ಷರಶಃ ಪಾಲಿಸಿ ಎಲ್ಲರನ್ನೂ ಪೇಚಿಗೆ ಸಿಕ್ಕಿಸುತ್ತಾನೆ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ, ಬೇರೇನೂ ಮಾಡುವುದಿಲ್ಲ. ಜೊತೆಗೆ ಒಬ್ಬ ಮುದುಕಿ ಇದ್ದೇ ಇರುತ್ತಾಳೆ. ಅವಳಿಗೆ ವಯಸ್ಸಾಗಿದೆ, ಮದುವೆಯಾಗಿಲ್ಲ, ಆಗಬೇಕೆಂಬ ಆಸೆ ಇದೆ. ಬರೆದವನ ಲೆಕ್ಕದಲ್ಲಿ ನಗಲು ಇಷ್ಟು ಸಾಕು. ಯಾಕೆ ಸಾಕು ಎಂಬ ಪ್ರಶ್ನೆ ವತ್ಸಲಾಳ ತಲೆಯಲ್ಲಿ ಹನ್ನೊಂದು ವರ್ಷದಿಂದ ಹುಳದ ಹಾಗೆ ಕೊರೆಯುತ್ತಿತ್ತು. ಈಗ ಆ ಮುದುಕಿ ತಾನೇ ಆಗಬೇಕಾಯಿತು.

ಆ ವರ್ಷದ ನಾಟಕ ದೀಪಸ್ತಂಭಗಳ ಇನ್‌ಸ್ಪೆಕ್ಟರನದು. ಸರ್ ಬಾರ್ತಲೊಮ್ಯು ಎಂಬ ಇನ್‌ಸ್ಪೆಕ್ಟರನಿಗೆ ಸಮುದ್ರ ಕಂಡರೆ ಭಯ. ಹಾಗಾಗಿ ದಂಡೆಯ ಮೇಲೆ ಕುರ್ಚಿ ಹಾಕಿಕೊಂಡು ದುರ್ಬೀನಿನಲ್ಲೇ ತಪಾಸಣೆ ಮುಗಿಸುತ್ತಾನೆ. ದಂಡೆಯಲ್ಲಿ ಚಹಾದಂಗಡಿ ಇಟ್ಟ ಮಿಸ್ ಹೆಪ್ಸಿಬಾ ಕ್ರಂಬ್‌ಗೂ ಅವನಿಗೂ ನಿಶ್ಚಿತಾರ್ಥವಾಗಿ ಇಪ್ಪತ್ತೇಳು ವರ್ಷ. ಎಲ್ಲ ದೀಪಸ್ತಂಭಗಳ ತಪಾಸಣೆ ಮುಗಿದ ದಿನ ಮದುವೆ ಎಂದು ಅವನು ಮಾತು ಕೊಟ್ಟಿದ್ದಾನೆ. ಆದರೆ ಕೊನೆಯದು ಮುಗಿಯುವಷ್ಟರಲ್ಲಿ ಮೊದಲನೆಯದಕ್ಕೆ ಮತ್ತೆ ತಪಾಸಣೆಯ ವೇಳೆ ಬಂದಿರುತ್ತದೆ. ಮಿಸ್ ಕ್ರಂಬ್‌ಗೆ ಇದರಲ್ಲಿ ಯಾವ ತಪ್ಪೂ ಕಾಣುವುದಿಲ್ಲ. ಎರಡನೇ ಅಂಕದಲ್ಲಿ ಅವಳಿಗೊಂದು ಹಾಡಿದೆ, ಹದಿನಾಲ್ಕನೇ ನಂಬರಿನದು. ನೀರು ಕಾದಿದೆ, ಕಪ್ ತೊಳೆದಿದೆ, ಇನ್ನೇನು ಬಂದೇಬಿಟ್ಟರು ಎಂಬುದು ಅದರ ಪಲ್ಲವಿ.

ಈ ಹಾಡಿಗೆ ಜನ ನಗಬೇಕು. ರಿಹರ್ಸಲಿನಲ್ಲಿ ಯಾರೂ ನಗಲಿಲ್ಲ. ಡೆಸ್ಮಂಡ್ ನಿವೃತ್ತ ಭೂಗೋಳದ ಮೇಷ್ಟ್ರು, ತಾಳ್ಮೆಯ ಮನುಷ್ಯ. ಇನ್ನೂ ಕುರೂಪಿಯಾಗು ಮೈ ಡಿಯರ್, ಅವಳು ಅಸಹ್ಯವಾಗಿರುವುದೇ ತಮಾಷೆ ಎಂದ. ಮೇಣದ ಉದ್ದ ಮೂಗು ಅಂಟಿಸಿದ. ಬಕೆಟ್ಟಿನಷ್ಟು ದೊಡ್ಡ ಟೀ ಪಾಟ್ ಕೊಟ್ಟ. ವತ್ಸಲಾ ಸೊಂಟ ಬಗ್ಗಿಸಿದಳು, ಕಣ್ಣು ಹೊರಳಿಸಿದಳು, ಪಾಟ್ ಎತ್ತುವಾಗ ಮುಗ್ಗರಿಸಿದಳು. ಕೋರಸ್ಸಿನವರು ಪಾಪ, ಒಳ್ಳೆಯ ಜನ, ಮುಗುಳ್ನಕ್ಕು ಹುರಿದುಂಬಿಸಿದರು. ಆ ಮುಗುಳ್ನಗೆ ಕಂಡು ಅವಳಿಗೆ ಅಲ್ಲೇ ಕುಸಿದುಹೋಗುವಂತಾಯಿತು.

ಮನೆಯಲ್ಲಿ ಕೇಳಿದರೆ ಮುಕುಂದ, ಹಾಸ್ಯಪಾತ್ರ ಅಂದಮೇಲೆ ಹಾಸ್ಯ, ಅದಕ್ಕೆಂಥ ವಿಚಾರ ಎಂದ. ಹದಿನಾರರ ಮಗಳು ಮಾಳವಿಕಾ ಟೋಸ್ಟ್ ಕಚ್ಚುತ್ತ, "ಶೀ ಈಸ್ ಬೇಸಿಕಲಿ ಡಂಪ್ಡ್, ಮಮ್. ಅವಳಿಗಿನ್ನೂ ಯಾರೂ ಹೇಳಿಲ್ಲ ಅಷ್ಟೆ" ಎಂದು ತೀರ್ಪು ಕೊಟ್ಟು ಬಸ್ ಹಿಡಿಯಲು ಓಡಿದಳು. ಲೈಬ್ರರಿಯಿಂದ ಆ ಕಾಲದ ರಂಗಭೂಮಿಯ ಮೇಲೆ ಎರಡು ಪುಸ್ತಕ ತಂದು ಓದಿದ್ದಾಯಿತು. ಅದರಲ್ಲಿ ಉಡುಪಿನ ಚಿತ್ರಗಳಿದ್ದವು, ಉತ್ತರ ಇರಲಿಲ್ಲ.

ಹಾಡಿನ ಪುಸ್ತಕದಲ್ಲಿ ಇನ್ನೊಂದು ಒಗಟು ಇತ್ತು. ಈ ಪುಸ್ತಕಗಳನ್ನು ಸಂಘದವರು ಕೊಳ್ಳುವುದಿಲ್ಲ, ಸಂಗೀತದ ಲೈಬ್ರರಿಯೊಂದರಿಂದ ಬಾಡಿಗೆಗೆ ತರುತ್ತಾರೆ. ಗುರುತು ಹಾಕುವುದಾದರೆ ಪೆನ್ಸಿಲಿನಲ್ಲೇ ಹಾಕಬೇಕು, ಹಿಂದಿರುಗಿಸುವ ಮುನ್ನ ರಬ್ಬರಿನಿಂದ ಎಲ್ಲ ಅಳಿಸಬೇಕು, ಅದು ನಿಯಮ. ವತ್ಸಲಾಳ ಪಾಲಿಗೆ ಬಂದದ್ದು ಎರಡು ಸಲ ಹೊಸ ರಟ್ಟು ಕಂಡ ಮುದಿ ಪುಸ್ತಕ. ಅದರ ಹದಿನಾಲ್ಕನೇ ಹಾಡಿನ ಅಂಚಿನಲ್ಲಿ ಯಾರೋ ಅಳಿಸದೆ ಬಿಟ್ಟ ಮೂರು ಸಾಲುಗಳಿದ್ದವು, ಮೂರೂ ಬೇರೆ ಬೇರೆ ಕೈಬರಹ. ೧೮೯೩, ನವೆಂಬರ್, ೩. ೧೯೦೮, ಏಪ್ರಿಲ್, ೨. ೧೯೨೬, ಮಾರ್ಚ್, ೧. ಅಲ್ಲಿಂದ ಮುಂದೆ ಏನೂ ಇಲ್ಲ. ಲೈಬ್ರರಿಯವರ ಏನೋ ಗುರುತು ಇರಬೇಕು ಎಂದು ಡೆಸ್ಮಂಡ್ ಕೈಯಾಡಿಸಿಬಿಟ್ಟ. ಬೇರೆ ಯಾವ ಹಾಡಿನ ಪಕ್ಕದಲ್ಲೂ ಇಲ್ಲದ ಗುರುತು ಇದೊಂದರ ಪಕ್ಕದಲ್ಲಿ ಯಾಕೆ ಎಂದು ವತ್ಸಲಾ ತಲೆ ಕೆರೆದುಕೊಂಡಳು.

ಇಷ್ಟರಲ್ಲಿ ಗದಗಿನಿಂದ ಅತ್ತೆ ಬಂದಳು. ಕಾಶವ್ವನಿಗೆ ಆಗ ಎಪ್ಪತ್ತು. ಹದಿನಾಲ್ಕು ವರ್ಷ ನಾಟಕ ಕಂಪನಿಯಲ್ಲಿದ್ದವಳು. ಆಮೇಲೆ ಗದಗಿನಲ್ಲಿ ಹೊಲಿಗೆ ಮೆಷಿನ್ ಹಾಕಿಕೊಂಡು, ಊರಿನ ಅರ್ಧ ಹೆಂಗಸರ ಜಂಪರ್ ಹೊಲಿದು, ಒಬ್ಬನೇ ಮಗನನ್ನು ಡಾಕ್ಟರ್ ಮಾಡಿದವಳು. ಮುಕುಂದ ಲಂಡನ್ನಿನ ಕನ್ನಡದವರ ಮುಂದೆ ಮೆಷಿನ್ ವಿಷಯವನ್ನೂ ಹೇಳಿರಲಿಲ್ಲ, ಕಂಪನಿಯ ವಿಷಯವನ್ನಂತೂ ಹೇಳಲೇ ಇಲ್ಲ. ಅವ್ವ ಪ್ರೈಮರಿ ಶಾಲೆಯಲ್ಲಿ ಟೀಚರ್ ಇದ್ದರು ಎಂದಿದ್ದ. ಅಪ್ಪ ತಾನು ಕೂಸಾಗಿದ್ದಾಗಲೇ ತೀರಿಕೊಂಡ ಎಂದು ವತ್ಸಲಾಳಿಗೂ ಹೇಳಿದ್ದ. ಅದಕ್ಕಿಂತ ಹೆಚ್ಚು ಕೇಳಿದರೆ ಮುಖ ಗಂಟಿಕ್ಕುತ್ತಿದ್ದ.

ಕಾಶವ್ವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎನ್ನುವಂತಿಲ್ಲ. ಸೀನ್, ಡ್ರಾಪ್, ಕರ್ಟನ್, ಹೌಸ್‌ಫುಲ್, ಎಂಟ್ರಿ, ಒನ್ಸ್ ಮೋರ್. ಇಷ್ಟು ಬರುತ್ತಿತ್ತು, ಇಷ್ಟನ್ನೂ ಕಂಪನಿಯಲ್ಲಿ ಕಲಿತದ್ದು. ಮಗನ ಹಳೆಯ ಓವರ್‌ಕೋಟನ್ನು ಇಳಕಲ್ ಸೀರೆಯ ಮೇಲೆ ಹಾಕಿಕೊಂಡು, ಅಡುಗೆಮನೆಯ ರೇಡಿಯೇಟರಿಗೆ ಬೆನ್ನು ಕೊಟ್ಟು ಕೂತು, ಸೊಸೆ ಕ್ಯಾಸೆಟ್ ಹಾಕಿಕೊಂಡು ಹಾಡುವುದನ್ನು ನಾಲ್ಕು ದಿನ ಸುಮ್ಮನೆ ಕೇಳಿದಳು. ಐದನೆಯ ದಿನ ಬಾಯಿಬಿಟ್ಟಳು.

"ಯಾರವಾ ಈಕಿ? ಅಳಾಕತ್ತಾಳೋ ನಗಾಕತ್ತಾಳೋ, ಒಂದೂ ತಿಳೀವಲ್ದು."

ವತ್ಸಲಾ ಕತೆ ಹೇಳಿದಳು. ಸಮುದ್ರಕ್ಕೆ ಹೆದರುವ ಇನ್‌ಸ್ಪೆಕ್ಟರ್ ಎಂದಾಗ ಕಾಶವ್ವ ತೊಡೆ ತಟ್ಟಿಕೊಂಡು ನಕ್ಕಳು. ಕೊನೆಯದು ಮುಗಿಯುವಷ್ಟರಲ್ಲಿ ಮೊದಲನೆಯದಕ್ಕೆ ವೇಳೆ ಬರುತ್ತದೆ ಎಂದಾಗ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕಡೀಕ ಏನಾಗತೈತಿ ಎಂದು ಕೇಳಿದಳು. ಕೊನೆಯಲ್ಲಿ, ಗುಮಾಸ್ತನ ತಪ್ಪಿನಿಂದ ಇನ್‌ಸ್ಪೆಕ್ಟರನ ನೇಮಕದ ಪತ್ರಕ್ಕೆ ಸಹಿಯೇ ಆಗಿರಲಿಲ್ಲ ಎಂದು ಗೊತ್ತಾಗುತ್ತದೆ. ಹಾಗಾಗಿ ಅವನು ಇನ್‌ಸ್ಪೆಕ್ಟರೇ ಅಲ್ಲ, ತಪಾಸಣೆಯೂ ಇಲ್ಲ, ಮದುವೆಯಾಗದೆ ಬೇರೆ ದಾರಿಯೂ ಇಲ್ಲ. ವತ್ಸಲಾ ಇಷ್ಟನ್ನೂ ವಿವರಿಸಿದಳು. ಕಾಶವ್ವನ ನಗು ಥಟ್ಟನೆ ನಿಂತಿತು.

"ಲಗ್ನ ಆಗತೈತಿ?"

"ಆಗುತ್ತೆ ಅತ್ತೆ. ಎಲ್ಲರೂ ಕುಣೀತಾರೆ, ಪರದೆ ಬೀಳುತ್ತೆ."

"ಹೂಂ" ಎಂದು ಕಾಶವ್ವ ಎದ್ದು ಹೋಗಿ ಸಿಂಕಿನಲ್ಲಿದ್ದ ಲೋಟಗಳನ್ನು ತೊಳೆಯತೊಡಗಿದಳು. ಆ ಮನೆಯಲ್ಲಿ ಲೋಟ ತೊಳೆಯಲು ಒಂದು ಮೆಷಿನ್ ಇತ್ತು. ಅತ್ತೆಗೆ ಏನೋ ಚುಚ್ಚಿದೆ ಎಂದು ವತ್ಸಲಾಳಿಗೆ ತಿಳಿಯಿತು, ಏನೆಂದು ತಿಳಿಯಲಿಲ್ಲ. ಮುದುಕಿಯನ್ನು ಕಂಡು ಜನ ಯಾಕೆ ನಗಬೇಕು, ಅಂಚಿನ ಅಂಕಿಗಳೇನು, ಅತ್ತೆಗೇನಾಯಿತು, ಹೀಗೆ ಅವಳಿಗೆ ಈಗ ಮೂರು ಒಗಟುಗಳಾದವು.

ನಾಟಕಕ್ಕೆ ಹನ್ನೊಂದು ದಿನವಿದ್ದಾಗ, ಒಂದು ಭಾನುವಾರ, ಅತ್ತೆಯನ್ನು ರಿಹರ್ಸಲಿಗೆ ಕರೆದುಕೊಂಡು ಹೋದಳು. ಕೌನ್ಸಿಲ್ ಹಾಲಿನ ಹಿಂದಿನ ಸಾಲಿನಲ್ಲಿ ಓವರ್‌ಕೋಟಿನೊಳಗೆ ಮುದುಡಿ ಕೂತಿದ್ದ ಕಾಶವ್ವ, ಒಬ್ಬೊಬ್ಬರೂ ವೇದಿಕೆಗೆ ಬರುತ್ತಿದ್ದಂತೆ ಕತ್ತು ಚಾಚಿ ಚಾಚಿ ನೋಡಿದಳು. ಟೀ ಬ್ರೇಕಿನಲ್ಲಿ ಸೊಸೆ ಬಿಸ್ಕತ್ತು ಹಿಡಿದು ಬರುವುದೇ ತಡ, ಇವರನ್ನೆಲ್ಲ ನಾ ಬಲ್ಲೆ ಎಂದಳು. ಆ ಇನ್‌ಸ್ಪೆಕ್ಟರ್ ಅಂದರೆ ನಮ್ಮ ಕಂಪನಿಯ ದಿವಾನ, ಕತ್ತಿಯ ಒರೆಯಲ್ಲಿ ಕತ್ತಿಯೇ ಇರುತ್ತಿರಲಿಲ್ಲ. ಆ ಹುಡುಗ ನಾಯಕ, ಹಾಡು ಬಿಟ್ಟರೆ ಅವನಿಗೆ ಬುದ್ಧಿ ಎಂಬುದಿಲ್ಲ. ಆ ಬಿಳಿ ಕೂದಲಿನ ಜಡ್ಜ್ ಪಂಚಾಯ್ತಿಯ ಗೌಡ. ಗಂಡಸರು ಬಟ್ಟೆ ಬದಲಿಸಿಕೊಂಡಿದ್ದಾರೆ, ಅಷ್ಟೇ. ಐದು ಸಾವಿರ ಮೈಲಿ ದಾಟಿ, ಭಾಷೆ ತಿಳಿಯದ ಊರಿನಲ್ಲಿ ಕೂತು, ಈಕೆ ಒಬ್ಬೊಬ್ಬರನ್ನೂ ಸಂಬಂಧಿಕರ ಹಾಗೆ ಗುರುತು ಹಿಡಿಯುತ್ತಿರುವುದು ಕಂಡು ವತ್ಸಲಾಳಿಗೆ ಮೈ ಜುಮ್ಮೆಂದಿತು.

"ಮತ್ತೆ ನನ್ನ ಪಾತ್ರ ಯಾರು ಅತ್ತೆ?"

"ಅದು ನಾನಽ" ಎಂದಳು ಕಾಶವ್ವ. ಹತ್ತೊಂಬತ್ತನೆಯ ವಯಸ್ಸಿಗೇ ತನಗೆ ಮುದುಕಿಯ ಪಾತ್ರ ಕಟ್ಟಿದ್ದನ್ನು ಹೇಳಿದಳು. ಬಣ್ಣ ಕಪ್ಪು, ಮೈ ದಪ್ಪ, ದನಿ ಗಡಸು, ನಾಯಕಿ ಮಾಡಲು ಯಾರೂ ಒಪ್ಪಲಿಲ್ಲ. ಹಾಗೆ ಹೇಳುವಾಗ ಅವಳ ಮುಖದಲ್ಲಿ ಬೇಸರವೇನೂ ಇರಲಿಲ್ಲ.

ಆ ಭಾನುವಾರವೇ ಮೊರೀನ್ ಕಾಲಿನ ಪ್ಲಾಸ್ಟರ್ ತೆಗೆಸಿಕೊಂಡು ಕೋಲೂರಿಕೊಂಡು ಹಾಲಿಗೆ ಬಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಡೆಸ್ಮಂಡ್ ವತ್ಸಲಾಳನ್ನು ಬಾಗಿಲ ಬಳಿ ಕರೆದು, ಬಹಳ ಸಂಕೋಚದಿಂದ ಒಂದು ಮಾತು ಹೇಳಿದ. ಗುರುವಾರದ ಮೊದಲ ಪ್ರದರ್ಶನ ನಿನ್ನದೇ. ಜನ ನಕ್ಕರೆ ಶುಕ್ರವಾರ, ಶನಿವಾರವೂ ನಿನ್ನದೇ. ನಗದಿದ್ದರೆ ಮೊರೀನ್‌ಗೆ ಪಾತ್ರ ಬಾಯಿಪಾಠ ಇದೆ. ವತ್ಸಲಾ ಆಗಲಿ ಎಂದಳು. ಕಾರಿನಲ್ಲಿ ಮನೆಗೆ ಬರುವಾಗ, ಹನ್ನೊಂದು ವರ್ಷ ಕಾದು ಬಂದ ಹೆಸರು ಒಂದು ಸಂಜೆಗೆ ಮುಗಿಯುತ್ತದಲ್ಲ ಎಂದು ಅಳು ಬಂತು. ಅಳುವಷ್ಟು ದೊಡ್ಡ ವಿಷಯವೇ ಇದು ಎಂದು ನಾಚಿಕೆಯೂ ಆಯಿತು.

ಮಧ್ಯಾಹ್ನ ರೊಟ್ಟಿ ತಟ್ಟುತ್ತ ಕಾಶವ್ವ ಆ ಹಾಡನ್ನು ಇನ್ನೊಮ್ಮೆ ಮಾಡಿ ತೋರಿಸು ಎಂದಳು. ಮೂಗಿಲ್ಲದೆ, ಬಕೆಟ್ಟಿಲ್ಲದೆ, ಅಡುಗೆಮನೆಯ ಕಟ್ಟೆಯ ಹಿಂದೆ ನಿಂತು ವತ್ಸಲಾ ಹಾಡಿದಳು. ಕಾಶವ್ವ ರಾಗದ ಬಗ್ಗೆ ಒಂದು ಮಾತೂ ಎತ್ತಲಿಲ್ಲ.

"ಕಪ್ಪ ಎಷ್ಟ ಇಟ್ಟಿ?"

"ಒಂದು ಅತ್ತೆ. ಡೈರೆಕ್ಟರು ಹೇಳಿದ್ದು ಒಂದೇ."

"ಒಂದ್ಯಾಕ? ಅಂವ ಬರತಾನಂತ ಕಾಯೂ ಹೆಣಮಗಳು ಎರಡ ಇಡತಾಳ." ಕಾಶವ್ವ ಕೈಯ ಹಿಟ್ಟು ಕೊಡವಿ, ತಟ್ಟೆಯ ಮೇಲಿನ ನೀಲಿ ಅಂಚಿನ ಕಪ್ ಒಂದನ್ನು ತೆಗೆದು ಸೊಸೆಯ ಮುಂದಿಟ್ಟಳು. "ನಗಸಾಕ ಹೋಗಬ್ಯಾಡ ನೀ. ನಗೂದು ಅವರ ಕೆಲಸ. ಆಕಿಗೆ ಅಂವ ಬರತಾನಂತ ಖರೇನ ನಂಬಿಕಿ ಐತಿ. ನಿನಗ ಇಲ್ಲ. ನೀ ಆಕೀನ್ನ ನೋಡಿ ನಾಚಿಕೊಳ್ಳಾಕತ್ತಿ, ಅದಕ್ಕ ಯಾರೂ ನಗವಲ್ರು."

ವತ್ಸಲಾ ಕಪ್ಪನ್ನು ಕೈಯಲ್ಲಿ ತಿರುಗಿಸುತ್ತ ನಿಂತಳು. ಆಮೇಲೆ ಹಾಡಿನ ಪುಸ್ತಕ ತಂದು ಅಂಚಿನ ಮೂರು ಸಾಲುಗಳನ್ನು ಓದಿ ಹೇಳಿದಳು. ಇಸವಿ, ತಿಂಗಳು, ಮೂರು, ಎರಡು, ಒಂದು. ಕಾಶವ್ವ ಅರೆಕ್ಷಣವೂ ಯೋಚಿಸಲಿಲ್ಲ. ಅವು ಒನ್ಸ್ ಮೋರ್‌ಗಳು ಎಂದಳು. ಕಂಪನಿಯಲ್ಲಿ ಹಾಡು ಹಿಡಿಸಿದರೆ ಜನ ಒನ್ಸ್ ಮೋರ್ ಎಂದು ಕೂಗುತ್ತಿದ್ದರು, ಕೂಗಿದಷ್ಟು ಸಲ ಹಾಡಬೇಕು. ಒಮ್ಮೆ ಬಾವಿಗೆ ಹಾರಿಕೊಂಡ ರಾಣಿಯೂ ಬಾವಿಯಿಂದ ಎದ್ದು ಬಂದು ಹಾಡಿ ಮತ್ತೆ ಹಾರಿಕೊಂಡಿದ್ದಳು. ಯಾವ ಊರಲ್ಲಿ, ಯಾವ ಹಾಡಿಗೆ, ಎಷ್ಟು ಒನ್ಸ್ ಮೋರ್ ಎಂದು ಹಾರ್ಮೋನಿಯಂ ಮಾಸ್ತರ ತನ್ನ ಪುಸ್ತಕದ ಅಂಚಿನಲ್ಲಿ ಹೀಗೇ ಬರೆದಿಡುತ್ತಿದ್ದ.

"ಎರಡನೇ ಸಲ ಹಾಡೂ ಮುಂದ ಮೊದಲನೇ ಸಲದಂಗ ಹಾಡಬಾರದು" ಎಂದಳು. "ಅದು ರೂಢಿ. ಮೊದಲನೇದು ಕಂಪನಿ ಮಾಲೀಕಂದು. ಎರಡನೇದು ನಿಂದು."

ಒಂದು ರೊಟ್ಟಿ ಉಬ್ಬಿ ಇಳಿಯಿತು. ಆಮೇಲೆ ಕಾಶವ್ವ ಹಂಚಿನತ್ತಲೇ ನೋಡುತ್ತ, ಯಾರೂ ಕೇಳದೆ, ಹೇಳಿದಳು.

"ಆ ಮಾಸ್ತರನಽ ನಮ್ಮ ಮುಕುಂದನ ಅಪ್ಪ. ಗದಗಿನ ಕ್ಯಾಂಪ ಮುಗೀಲಿ, ಲಗ್ನ ಆಗೂಣು ಅಂದ. ಆಮ್ಯಾಲ ಬಾಗಲಕೋಟಿ ಅಂದ. ಆಮ್ಯಾಲ ಇಳಕಲ್ಲ. ಕ್ಯಾಂಪ ಮುಗದ ಕೂಡ್ಲೆ ಇನ್ನೊಂದು ಕ್ಯಾಂಪ ಬರತಿತ್ತು."

ತೀರಿಕೊಂಡರಲ್ಲವೇ ಎಂದು ವತ್ಸಲಾ ಮೆಲ್ಲಗೆ ಕೇಳಿದಳು. ಇರಬೇಕು, ಈಗ ಎಲ್ಲರೂ ತೀರಿಕೊಳ್ಳುವ ವಯಸ್ಸೇ ಎಂದು ಕಾಶವ್ವ ರೊಟ್ಟಿ ಮಗುಚಿದಳು. ವತ್ಸಲಾಳಿಗೆ ಅತ್ತೆಯ ಭುಜದ ಮೇಲೆ ಕೈಯಿಡಬೇಕೆನಿಸಿತು, ಇಟ್ಟಳು. ಕಾಶವ್ವ ಅದನ್ನು ಕೊಡವಲಿಲ್ಲ.

ಗುರುವಾರ ಬಂತು. ಮುಕುಂದ ಕೆಲಸದಿಂದ ಬೇಗ ಬಂದು ಸೂಟು ತೊಟ್ಟ. ಹೊರಡುವ ಮುಂಚೆ ಹೆಂಡತಿಯನ್ನು ಪಕ್ಕಕ್ಕೆ ಕರೆದು, ಅಲ್ಲಿ ಎಲ್ಲರೂ ಸುಮ್ಮನೆ ಕೂತು ನೋಡುತ್ತಾರೆ, ಅವ್ವನಿಗೆ ಸ್ವಲ್ಪ ತಿಳಿಸಿ ಹೇಳು, ನಾಲ್ಕು ಕನ್ನಡದ ಮನೆಯವರು ಬರುತ್ತಿದ್ದಾರೆ ಎಂದ. ಹೃದಯದ ಡಾಕ್ಟರರ ಹೆಂಡತಿ ವೈದೇಹಿ ಮೂರನೇ ಸಾಲಿನಲ್ಲೇ ಟಿಕೆಟ್ ತೆಗೆದುಕೊಂಡಿದ್ದಳು. ಹಾಲಿನಲ್ಲಿ ಬಾಯಿಬಿಡುವುದಿಲ್ಲ ಎಂದು ಕಾಶವ್ವ ಮಾತು ಕೊಟ್ಟಳು. ವತ್ಸಲಾ ನೀಲಿ ಅಂಚಿನ ಕಪ್ಪನ್ನು ಟೀ ಟವೆಲ್ಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಳು. ಅದನ್ನು ಏನು ಮಾಡುವುದೆಂದು ಅವಳಿಗೆ ಗೊತ್ತಿರಲಿಲ್ಲ. ಡೆಸ್ಮಂಡ್ ಹೇಳಿದ್ದನ್ನು ಮೀರುವ ಧೈರ್ಯ ಅವಳ ಜಾತಕದಲ್ಲೇ ಇರಲಿಲ್ಲ. ವೇಷ ಹಾಕಿಕೊಳ್ಳುವಾಗ ಏಪ್ರನ್ನಿನ ದೊಡ್ಡ ಜೇಬಿಗೆ ಸೇರಿಸಿದಳು, ಅಷ್ಟೇ.

ಮೊದಲ ಅಂಕ ನಿರಾತಂಕವಾಗಿ ಮುಗಿಯಿತು. ಇನ್‌ಸ್ಪೆಕ್ಟರ್ ದುರ್ಬೀನನ್ನು ತಲೆಕೆಳಗಾಗಿ ಹಿಡಿದಾಗ ಇಡೀ ಹಾಲು ಘೊಳ್ಳೆಂದಿತು. ಎರಡನೇ ಅಂಕ, ಹದಿನಾಲ್ಕನೇ ನಂಬರ್. ವತ್ಸಲಾ ಮೇಣದ ಮೂಗು ಅಂಟಿಸಿಕೊಂಡು, ಬಕೆಟ್ ಪಾಟ್ ಹೊತ್ತುಕೊಂಡು, ಹೇಳಿದಲ್ಲಿ ಮುಗ್ಗರಿಸಿ, ಹೇಳಿದಲ್ಲಿ ಕಣ್ಣು ಹೊರಳಿಸಿ ಹಾಡಿದಳು. ನಗು ಬಂತು, ಬಂದಿಲ್ಲ ಎನ್ನುವಂತಿಲ್ಲ. ಅಲ್ಲಿ ಇಲ್ಲಿ ಕೆಮ್ಮಿನ ಹಾಗೆ ನಾಲ್ಕು ನಗು. ಮರ್ಯಾದೆಯ ಚಪ್ಪಾಳೆ. ವೇದಿಕೆಯ ಪಕ್ಕದ ಮರೆಯಲ್ಲಿ, ವಿಂಗಿನಲ್ಲಿ, ಕುರ್ಚಿ ಹಾಕಿಕೊಂಡು ಕೂತಿದ್ದ ಮೊರೀನ್ ಕನಿಕರದಿಂದ ತಲೆಯಾಡಿಸಿದಳು. ಮುಗಿಯಿತು ಎಂದುಕೊಂಡಳು ವತ್ಸಲಾ. ಮುಂದಿನ ಮಾತು ಅವಳದೇ, ಬಾಯಿ ತೆರೆದಳು.

"ಒನ್ಸ್ ಮೋರ್!"

ಗಡಸು ದನಿ, ಮೈಕಿಲ್ಲದ ಕಾಲದಲ್ಲಿ ಎರಡು ಸಾವಿರ ಜನರ ತಂಬುವಿನ ಕೊನೆಗೆ ಮುಟ್ಟುತ್ತಿದ್ದ ದನಿ. ಇನ್ನೂರು ತಲೆಗಳು ಒಮ್ಮೆಲೇ ಹಿಂತಿರುಗಿದವು. ಪಿಯಾನೋದ ಮೇಲೆ ಕೈಯಿಟ್ಟ ಹೆಂಗಸು ಹಾಗೇ ಕಲ್ಲಾದಳು. ಕಾಶವ್ವ ಮಾತು ಮುರಿದಿರಲಿಲ್ಲ, ಅವಳ ಲೆಕ್ಕದಲ್ಲಿ ಅದು ಮಾತೇ ಅಲ್ಲ. ಹಾಡು ಕೇಳಿದವರು ಹಾಡಿದವರಿಗೆ ಸಲ್ಲಿಸಬೇಕಾದ ಕೆಲಸ. ವಿಂಗಿನಿಂದ ಡೆಸ್ಮಂಡ್ ಬೇಡ ಬೇಡ ಎಂದು ಎರಡೂ ಕೈ ಅಲ್ಲಾಡಿಸುತ್ತಿದ್ದ. ಈ ಸಂಘದಲ್ಲಿ ಹಾಡು ಮರಳಿ ಹಾಡುವ ಪದ್ಧತಿ ಇಲ್ಲ, ಹತ್ತೂಕಾಲಿಗೆ ಕೇರ್‌ಟೇಕರ್ ಬಾಗಿಲು ಹಾಕುತ್ತಾನೆ. ವತ್ಸಲಾ ಮುಂದಿನ ಮಾತು ಹೇಳಿಬಿಟ್ಟರೆ ಎಲ್ಲ ಸರಿಹೋಗುತ್ತಿತ್ತು. ಯಾರೋ ವಯಸ್ಸಾದವರು ಕೂಗಿದರು ಎಂದು ಜನ ಮರೆತುಬಿಡುತ್ತಿದ್ದರು. ವೈದೇಹಿ ಕೂಡ ಸೌಜನ್ಯಕ್ಕೆ ಮರೆತಂತೆ ಇರುತ್ತಿದ್ದಳು.

ಆಗ ಇನ್ನೊಂದು ದನಿ ಬಂತು. ಗಂಡಸಿನದು, ಒರಟಲ್ಲ, ಅಭ್ಯಾಸವೂ ಇಲ್ಲ, ಅರ್ಧದಲ್ಲಿ ಬಿರುಕು ಬಿಟ್ಟಿತು. "ಒನ್ಸ್ ಮೋರ್."

ಕಣ್ಣು ಕುಕ್ಕುವ ದೀಪಗಳ ಬೆಳಕಿನಲ್ಲಿ ಮುಖ ಕಾಣುತ್ತಿರಲಿಲ್ಲ. ಕಾಣಬೇಕಾಗಿಯೂ ಇರಲಿಲ್ಲ. ಇಪ್ಪತ್ತೊಂದು ವರ್ಷ ಸಂಸಾರ ಮಾಡಿದ ದನಿ ಅದು. ನಾಲ್ಕು ಕನ್ನಡದ ಮನೆಯವರ ನಡುವೆ, ಸೂಟು ತೊಟ್ಟುಕೊಂಡು, ಟೀಚರಮ್ಮನ ಮಗ ಕಂಪನಿಯವಳ ಮಗನಾಗಿ ಕೂಗಿದ್ದ.

ವತ್ಸಲಾ ಪಿಯಾನೋದವಳತ್ತ ನೋಡಿ ತಲೆಯಾಡಿಸಿದಳು. ಹಾಡು ಮತ್ತೆ ಶುರುವಾಯಿತು. ಬಕೆಟ್ ಪಾಟನ್ನು ಅವಳು ಮುಟ್ಟಲೇ ಇಲ್ಲ. ಕಟ್ಟೆ ಒರೆಸಿದಳು. ಒಂದು ಕಪ್ ಇಟ್ಟಳು. ಜೇಬಿನಿಂದ ನೀಲಿ ಅಂಚಿನದನ್ನು ತೆಗೆದು, ಏಪ್ರನ್ನಿನ ತುದಿಯಿಂದ ಒರೆಸಿ, ಮೊದಲನೆಯದರ ಪಕ್ಕದಲ್ಲಿಟ್ಟಳು. ತೀರ ಹತ್ತಿರವಾಯಿತು ಎನ್ನಿಸಿ ಎರಡು ಇಂಚು ಆಚೆ ಸರಿಸಿದಳು. ಬಾಗಿಲ ಕಡೆ ನೋಡಿದಳು. ಮತ್ತೆ ಒಂದು ಇಂಚು ಈಚೆ ತಂದಳು. ಆಗ ಯಾರೋ ನಕ್ಕರು, ಅದು ಕೆಮ್ಮಿನ ನಗುವಲ್ಲ. ಸಾಲಿನಿಂದ ಸಾಲಿಗೆ ಹರಡಿತು. ಅವಳಿಗೆ ಅದರ ಕಡೆ ಗಮನವಿರಲಿಲ್ಲ. ಸರ್ ಬಾರ್ತಲೊಮ್ಯು ಬರುತ್ತಾನೆ, ಚಹಾ ಆರಬಾರದು, ಅವಳಿಗೆ ಅಷ್ಟೇ. ಮೂರನೇ ಚರಣದಲ್ಲಿ ಕಟ್ಟೆಯ ಮೇಲಿದ್ದ ಸಣ್ಣ ಕೆಟಲಿನಿಂದ ಎರಡೂ ಕಪ್ಪಿಗೆ ಬಗ್ಗಿಸಿ, ತನ್ನದನ್ನು ಕುಡಿಯದೆ, ಎದುರಿನ ಖಾಲಿ ಕುರ್ಚಿ ನೋಡುತ್ತ, ಇನ್ನೇನು ಬಂದೇಬಿಟ್ಟರು ಎಂದು ಹಾಡಿದಳು. ಅಲ್ಲಿಗೆ ನಗು ನಿಂತುಹೋಗಿತ್ತು. ಪಿಯಾನೋ ಮುಗಿಯಿತು. ಆಮೇಲೆ ಬಂದ ಚಪ್ಪಾಳೆಗೆ ಅವಳ ಮೇಣದ ಮೂಗು ಸಡಿಲವಾಗಿ ಜೋಲಿತು, ಅಥವಾ ಬೆವರಿಗೆ ಇದ್ದೀತು.

ನಾಟಕ ಮುಗಿದ ಮೇಲೆ ಡೆಸ್ಮಂಡ್ ಬಂದ. ಮರಳಿ ಹಾಡುವುದು ಇನ್ನು ಮುಂದೆ ಬೇಡ, ಕೇರ್‌ಟೇಕರ್ ಬಯ್ಯುತ್ತಾನೆ ಎಂದು ಗಂಭೀರವಾಗಿ ಹೇಳಿದ. ಎರಡನೇ ಸಲ ಮಾಡಿದ್ದನ್ನು ನಾಳೆಯಿಂದ ಮೊದಲನೇ ಸಲವೇ ಮಾಡು ಎಂದೂ ಹೇಳಿದ. ಮೊರೀನ್ ಕೋಲೂರಿ ಎದ್ದು, ಹದಿನೆಂಟು ವರ್ಷದ ಹಿಂದೆ ಈ ಪಾತ್ರವನ್ನು ಆರು ಸಲ ಮಾಡಿದೆ, ಎರಡನೇ ಕಪ್ ನನಗೆ ಹೊಳೆಯಲೇ ಇಲ್ಲವಲ್ಲ ಎಂದು ವತ್ಸಲಾಳ ಕೆನ್ನೆ ಚಿವುಟಿ ಹೋದಳು. ಹೊರಗೆ ವೈದೇಹಿ ಕಾಶವ್ವನ ಕೈ ಹಿಡಿದುಕೊಂಡು ಏನೇನೋ ಕೇಳುತ್ತಿದ್ದಳು. ಮುಕುಂದ ಪಕ್ಕದಲ್ಲಿ ನಿಂತು ಉತ್ತರ ಹೇಳುತ್ತಿದ್ದ, ಮುಖ ಕೆಂಪಾಗಿತ್ತು, ಆದರೆ ಹೇಳುತ್ತಿದ್ದ.

ಶುಕ್ರವಾರ, ಶನಿವಾರ ಜನ ನಕ್ಕರು, ಸುಮ್ಮನಾದರು, ಚಪ್ಪಾಳೆ ತಟ್ಟಿದರು. ಒನ್ಸ್ ಮೋರ್ ಎಂದು ಯಾರೂ ಕೂಗಲಿಲ್ಲ. ಕಾಶವ್ವ ನೆಗಡಿಯಾಗಿ ಮನೆಯಲ್ಲಿದ್ದಳು.

ಸೋಮವಾರ ಬೆಳಿಗ್ಗೆ ರಜೆ ಹಾಕಿ ವತ್ಸಲಾ ಅಡುಗೆಮನೆಯ ಟೇಬಲ್ಲಿನಲ್ಲಿ ರಬ್ಬರ್ ಹಿಡಿದು ಕೂತಳು. ಪುಸ್ತಕ ಮಧ್ಯಾಹ್ನದೊಳಗೆ ಹಿಂದಿರುಗಿಸಬೇಕಿತ್ತು. ಇಲ್ಲಿ ಉಸಿರು, ಇಲ್ಲಿ ಮುಗ್ಗರಿಸು, ಇಲ್ಲಿ ಕಣ್ಣು ಹೊರಳಿಸು ಎಂದು ಬರೆದುಕೊಂಡದ್ದನ್ನೆಲ್ಲ ಉಜ್ಜಿ ಉಜ್ಜಿ ತೆಗೆದಳು. ಹದಿನಾಲ್ಕನೇ ಹಾಡಿಗೆ ಬಂದಾಗ ರಬ್ಬರ್ ಕೆಳಗಿಟ್ಟು ಪೆನ್ಸಿಲ್ ಎತ್ತಿಕೊಂಡಳು. ೧೯೨೬ರ ಸಾಲಿನ ಕೆಳಗೆ, ನಿಯಮ ಮೀರಿ, ೧೯೯೭, ಮಾರ್ಚ್, ೧ ಎಂದು ಬರೆದಳು. ಎಪ್ಪತ್ತೊಂದು ವರ್ಷದ ಮೇಲೆ ಒಂದು. ಅತ್ತೆಗೆ ತೋರಿಸಿದಳು. ಕಾಶವ್ವ ಅಂಕಿಯನ್ನು ಬೆರಳಿನಿಂದ ಮುಟ್ಟಿ ನೋಡಿ, ಅಲ್ಲೇನೂ ತಪ್ಪಿಲ್ಲವೆಂಬಂತೆ ತಲೆದೂಗಿದಳು.

ಚಹಾಕ್ಕೆ ನೀರಿಟ್ಟಿದ್ದಾಗಿತ್ತು. ನೀಲಿ ಅಂಚಿನ ಕಪ್ಪು ಮತ್ತೆ ತನ್ನ ಜಾಗಕ್ಕೆ ಬಂದಿತ್ತು. ವತ್ಸಲಾಳ ಮೂರೂ ಒಗಟು ಬಿಡಿಸಿದ್ದಾಗಿತ್ತು, ಒಂದು ಪ್ರಶ್ನೆ ಮಾತ್ರ ಉಳಿದಿತ್ತು. ಕೇಳಬಹುದೋ ಬಾರದೋ ಎಂದು ಮೂರು ದಿನದಿಂದ ಹಿಂದೆಮುಂದೆ ನೋಡಿ, ಕೊನೆಗೆ ಕೇಳಿದಳು.

"ನೀವು ಎಷ್ಟು ದಿನ ಎರಡು ಕಪ್ ಇಟ್ಟಿರಿ ಅತ್ತೆ?"

ಕಾಶವ್ವ ಚಹಾಪುಡಿಯ ಡಬ್ಬಿಯ ಮುಚ್ಚಳ ತೆಗೆದು, ಒಂದು ಚಮಚ, ಎರಡು ಚಮಚ ಎಂದು ಹಾಕಿದಳು.

"ಮುಕುಂದ ಕುಂದರಾಕ ಕಲಿಯೂತನಕಾ ಇಟ್ಟೆ" ಎಂದಳು. "ಆಮ್ಯಾಲ ಆ ಕಪ್ಪಿನ್ಯಾಗ ಅವಗ 'ಹಾಲ ಕುಡಿ' ಅಂತ ಕೊಟ್ಟೆ."